ಹಟ್ಟಿಯ ಪದ, ಮೊಮ್ಮಗಳ ಮೊಬೈಲು

ಮಾಡದಕೆರೆ ಹೋಬಳಿ ಸೇರಿದ ಹೊಸದುರ್ಗ ತಾಲ್ಲೂಕು, ಹಿರಿಯೂರು, ಚಳ್ಳಕೆರೆ, ಜಿಲ್ಲೆಯ ಗಡಿ ದಾಟಿದರೆ ಶಿರಾ... ಇದೆಲ್ಲ ಕಾಡುಗೊಲ್ಲರ ಸೀಮೆ. ದನ-ಕುರಿಗಳ ಹಿಂದೆ ನಡೆದ ಈ ಜನರ ಸಾಂಸ್ಕೃತಿಕ ವೀರ ಜುಂಜಪ್ಪ. ಅವನ ಕಥೆ ಹಾಡುವಾಗ ನುಡಿಸುವುದು ಗಣೆ ಎಂಬ ಉದ್ದನೆಯ ಬಿದಿರಿನ ವಾದ್ಯ.

ಹಟ್ಟಿಯಿಂದ ಓದಲು ಬಂದು ಹಾಸ್ಟೆಲ್ ಸೇರಿದ ಹುಡುಗನ ಮೊಬೈಲಿನಲ್ಲಿ ಜಗತ್ತಿನ ಹಾಡೆಲ್ಲ ಇದೆ, ಅಜ್ಜಿಯ ಪದ ಮಾತ್ರ ಇಲ್ಲ! ಇದ್ದರೂ ಗೆಳೆಯರೆದುರು ಹಾಕಲು ಸಂಕೋಚ. ಈ ಸಂಕೋಚವನ್ನು ಹಗುರವಾಗಿ ಕಾಣುವಂತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಬಗ್ಗೆ ಚಾಂಡ್ಲರ್ ಮತ್ತು ಲಾಲೋಂಡ್ ಎಂಬ ವಿದ್ವಾಂಸರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಡಳಿತ, ಶಾಲೆ, ಸಾಂಸ್ಕೃತಿಕ ನೆಲೆಗಳನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ತೀರ ಕಡಿಮೆ ಎಂದು ಅದರಲ್ಲಿ ಕಂಡುಬಂತು. ಇದೊಂದೇ ಕಾರಣವೆನ್ನಲಾಗದು, ಆದರೂ ಯೋಚಿಸಬೇಕಾದ ಮಾತು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು; ಹಂಪಿ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಅಂದು ವಿದ್ವಾಂಸರು ಹಟ್ಟಿಗೆ ಬಂದು ಮಾಡಿದ ಕೆಲಸವನ್ನು ಇಂದು ಮೊಮ್ಮಗಳೇ ಮಾಡಬಹುದು. ಗಾಳಿ ಬೀಸದ ಕಡೆ ಅಜ್ಜಿಯನ್ನು ಕೂರಿಸಿ, ನಡುವೆ ಬಾಯಿ ಹಾಕದೆ ಪದವನ್ನು ಪೂರ್ತಿ ಹಾಡಿಸಿ. ಹಾಡಿದವರ ಹೆಸರು, ಹಟ್ಟಿ, ದಿನಾಂಕ, ಯಾವ ಸಂದರ್ಭದ ಪದ ಎಂಬುದನ್ನೂ ಜೊತೆಯಲ್ಲೇ ಹೇಳಿಸಿ. ಯೂಟ್ಯೂಬಿಗೆ ಏರಿಸುವ ಮುನ್ನ ಅನುಮತಿ ಕೇಳಿ; 'ಇದು ದೇವರ ಪದ, ಬೇಡ' ಎಂದರೆ ಮನೆಯಲ್ಲೇ ಇರಲಿ. ಗಣೆಯ ಉಸಿರಂತೂ ವಿಡಿಯೊ ನೋಡಿ ಬರುವಂಥದ್ದಲ್ಲ, ನುಡಿಸುವವರ ಪಕ್ಕ ಕೂತೇ ಕಲಿಯಬೇಕು.

ಇನ್ನು ಪಾಲಕರಿಗೆ ಒಂದು ಮಾತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸಿದ್ದಾಗ ಹಸುಗೂಸು ತೀರಿಕೊಂಡಿತು. ಪದವನ್ನೂ ಆ ಗುಡಿಸಲನ್ನೂ 'ನಮ್ಮ ಸಂಪ್ರದಾಯ' ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಕೊಟ್ಟರೆ ಹೆಣ್ಣುಮಕ್ಕಳು ಗಂಟನ್ನೇ ಬಿಟ್ಟು ಹೋದಾರು. ಅವರನ್ನು ದೂರುವಂತೆಯೂ ಇಲ್ಲ. ಪದ ದಾಖಲಿಸಲು ಕೂತ ಹುಡುಗಿ, 'ಅಜ್ಜೀ, ನಿನ್ನ ಬಾಣಂತನ ಎಲ್ಲಿ ಕಳೀತು?' ಎಂದು ಕೇಳಿದರೆ ಗದರಬೇಡಿ. ಅಜ್ಜಿ ಹೇಳಲಿ, ಅದೂ ಮೊಬೈಲಿನಲ್ಲಿ ದಾಖಲಾಗಲಿ.