ಅಟ್ಟದ ಮೇಲಿನ ಕಾಗದಗಳು

ಬೆಂಗಳೂರಿನ ಪೂರ್ವದಲ್ಲಿರುವ ವೈಟ್‌ಫೀಲ್ಡ್ ಇಂದು ಗಾಜಿನ ಕಟ್ಟಡಗಳ ಊರು. ಆದರೆ 1882ರಲ್ಲಿ ಅದು ಹುಟ್ಟಿದ್ದು ಬೇಸಾಯಕ್ಕಾಗಿ. ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ನೆಲಸುನಾಡಿಗೆಂದು ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಮಾಜದ ಮುಂದಾಳಾಗಿದ್ದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಹೆಂಚಿನ ಮನೆಗಳೂ ತೋಟಗಳೂ ಚರ್ಚುಗಳೂ ಎದ್ದವು. 1990ರ ದಶಕದಿಂದೀಚೆಗೆ ಮಾಹಿತಿ ತಂತ್ರಜ್ಞಾನದ ಕಂಪನಿಗಳು ಬಂದಂತೆ ಆ ಮನೆಗಳಲ್ಲಿ ಅನೇಕವು ನೆಲಸಮವಾದವು. ಹಳೆಯ ಮನೆಯನ್ನು ಕೆಡಹುವಾಗ ತೇಗದ ಬಾಗಿಲಿಗೆ ಬೆಲೆ ಕಟ್ಟುವವರು ತಾವಾಗಿಯೇ ಬರುತ್ತಾರೆ; ಅಟ್ಟದ ಮೇಲಿನ ಪೆಟ್ಟಿಗೆಯ ಕಾಗದಗಳನ್ನು ಕೇಳುವವರಾರು?

ಕ್ರೈಸ್ತ ಮನೆತನಗಳ ಇಂಥ ಕಾಗದಗಳಿಗೆ ಚರ್ಚಿನ ಪತ್ರಾಗಾರವೇ ತಕ್ಕ ನೆಲೆ. 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅಂಥದೊಂದು ಪತ್ರಾಗಾರವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ದಾಖಲೆಗಳು ಅಲ್ಲಿಯ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಓದುವವರಿಗೆ ದೊರೆಯುತ್ತವೆ.

ಆದರೆ ಕಾಗದ ಕೊಡುವ ಮನೆಯವರು ಸಾಮಾನ್ಯವಾಗಿ ಆರಿಸಿ ಕೊಡುತ್ತಾರೆ. ಪಾದ್ರಿಗಳ ಪತ್ರ, ಬಿನ್ನವತ್ತಳೆ, ಮದುವೆಯ ಭಾವಚಿತ್ರ ಇವು ಪತ್ರಾಗಾರಕ್ಕೆ. ಮನೆಖರ್ಚಿನ ಪುಸ್ತಕ ರದ್ದಿಗೆ. ಇದು ಮೇಲುನೋಟಕ್ಕೆ ವಿವೇಕವೆನಿಸಿದರೂ ದೊಡ್ಡ ನಷ್ಟವೇ ಸರಿ. ಚರ್ಚಿನ ದಫ್ತರದಲ್ಲಿ ತನ್ನ ಸಭೆಯವರ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ವಿವರ ಹೇಗೂ ಇರುತ್ತದೆ. ಹಗದೂರಿನಿಂದಲೋ ಇಮ್ಮಡಿಹಳ್ಳಿಯಿಂದಲೋ ನಡೆದು ಬಂದು ತೋಟ ಅಗೆದ ಆಳಿನ ಹೆಸರು ಆ ದಫ್ತರದಲ್ಲಿ ಹೇಗೆ ಬರಬೇಕು? ಅದು ಉಳಿದಿದ್ದರೆ ಮನೆಯೊಡತಿ ಬರೆದಿಟ್ಟ ಕೂಲಿಯ ಲೆಕ್ಕದಲ್ಲಿ, ಹಾಲಿನವಳ ಬಾಕಿಯ ಪಕ್ಕದಲ್ಲಿ ಉಳಿದಿರಬೇಕು. ಎಷ್ಟು ದಿನದ ದುಡಿಮೆ, ಎಷ್ಟಾಣೆ ಕೂಲಿ, ಮಗಳ ಮದುವೆಗೆಂದು ಪಡೆದ ಮುಂಗಡವೆಷ್ಟು ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಮನೆತನದ ಗೌರವಕ್ಕೆ ಬೇಡವೆನಿಸಿದ ಪುಟವೇ ಊರಿನ ಚರಿತ್ರೆಗೆ ಬೇಕಾದ ಪುಟವಾಗಿರುವುದುಂಟು.

ಮನೆಯ ಗುಟ್ಟು ಬಯಲಾದೀತೆಂಬ ಅಂಜಿಕೆ ಸಹಜವಾದುದೇ. ಸಾಲ, ಜಗಳ, ಕಾಯಿಲೆಗಳ ಪತ್ರಗಳು ಯಾರ ಮನೆಯಲ್ಲಿಲ್ಲ? ಇಂತಿಷ್ಟು ವರ್ಷ ಈ ಕಟ್ಟನ್ನು ಬಿಚ್ಚಕೂಡದೆಂದು ಕರಾರು ಬರೆಸಿ ಕೊಡಬಹುದು. ಹರಿದು ಹಾಕಿದ ಪತ್ರವನ್ನು ಮಾತ್ರ ಯಾವ ಕರಾರೂ ಮರಳಿ ತರಲಾರದು.

ಕಟ್ಟುಗಳನ್ನು ಹಿರಿಯರು ಕಟ್ಟಿಟ್ಟ ಕ್ರಮದಲ್ಲಿಯೇ ಒಪ್ಪಿಸುವುದು ಮೇಲು. ಭಾವಚಿತ್ರದಲ್ಲಿರುವವರು ಯಾರೆಂಬುದನ್ನು ಬೆನ್ನಿನ ಮೇಲೆ ಮೆತ್ತನೆಯ ಸೀಸದ ಕಡ್ಡಿಯಿಂದ ಬರೆಯಬೇಕು. ಮನೆಯ ಅಜ್ಜಿ ಗುರುತು ಹೇಳಬಲ್ಲವರಾಗಿರುವಾಗಲೇ ಈ ಕೆಲಸ ಆಗಬೇಕು. ಕುರ್ಚಿಯಲ್ಲಿ ಕುಳಿತವರ ಹೆಸರನ್ನಷ್ಟೇ ಅಲ್ಲ, ಹಿಂದೆ ಮಗುವನ್ನು ಎತ್ತಿಕೊಂಡು ನಿಂತ ಆಯಾಳ ಹೆಸರನ್ನೂ ಅವರಿಂದ ಕೇಳಿ ಬರೆದುಕೊಳ್ಳಬೇಕು.