ಜಾತ್ರಿಗೆ ಬಸ್ ಸಿಗ್ತದ, ಸಾಲಿ ಗಂಟೆಗೆ ಯಾಕ ಸಿಗಲ್ಲ?



ಜೂನ್ ಬಂತಂದ್ರ ನಮ್ಮ ಯಾದಗಿರಿ ಕಡೆ ಬಿತ್ತನೆ ಜೊತೆಗೆ ಮನವಿ ಪತ್ರದ ಹಂಗಾಮೂ ಶುರುವಾಗ್ತದ. "ಸಾಲಿ ಟೈಮಿಗೆ ಬಸ್ ಬಿಡ್ರಿ" ಅಂತ ಹುಡುಗ್ರು ರಸ್ತೆಗೆ ಕೂಡ್ತಾರ. ಸಾಹೇಬ್ರು ಬರ್ತಾರ, ಭರವಸೆ ಕೊಡ್ತಾರ. ಬಸ್ ಬಂದ್ರೂ ಯಾರೋ ಉಪಕಾರ ಮಾಡಿದಂಗ ಬರ್ತದ, ನಿಂತಾಗ ಕೇಳೋರು ಇರಲ್ಲ. ನನ್ನ ಮಾತು ಇಷ್ಟೇ: ಸಾಲಿಗೆ ಕೋಣೆ, ಮಾಸ್ತರು, ಬಿಸಿಯೂಟ ಹ್ಯಾಂಗೋ ಬಸ್ಸೂ ಹಂಗೇ. ಅದು ಮಕ್ಕಳ ಹಕ್ಕು.

ಅಬ್ಬೆತುಮಕೂರು ಅಂದ್ರ ಎಲ್ಲರಿಗೂ ವಿಶ್ವಾರಾಧ್ಯರ ಮಠ ನೆನಪಾಗ್ತದ. ಜಾತ್ರಿಗೆ ಎಲ್ಲಿಂದೆಲ್ಲಿಂದಲೋ ಜನ ಬರ್ತಾರ. ಜನ ಸೇರೋ ಕಡೆ ಬಸ್ಸೂ ಬರ್ತಾವ. ಬರಲಿ, ನಮ್ಮ ತಕರಾರಿಲ್ಲ. ಎಷ್ಟು ಜನ, ಯಾವ ದಿನ, ಎಷ್ಟೊತ್ತಿಗೆ ಅಂತ ಮೊದಲೇ ಗೊತ್ತಿದ್ರ ಬಸ್ ಹೊಂದಿಸೋದು ಆಗದ ಕೆಲಸ ಅಲ್ಲ ಅಂತ ಅದರಿಂದ ಗೊತ್ತಾಗ್ತದ. ಸಾಲಿ ಮಕ್ಕಳ ಲೆಕ್ಕ ಇನ್ನೂ ಸುಲಭ. ಹಾಜರಿ ಪುಸ್ತಕದಾಗ ಹೆಸರು, ಊರು ಎಲ್ಲಾ ಅದ. ಗಂಟೆ ಹೊಡೆಯೋ ಹೊತ್ತೂ ಮೊದಲೇ ಗೊತ್ತಿರ್ತದ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಪಾಸ್ ಉಚಿತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಒಳ್ಳೇದಾತು. ಆದರೆ ಉಚಿತ ಟಿಕೆಟ್ ಬಸ್ ಇದ್ದಲ್ಲಿ ಮಾತ್ರ ಉಪಯೋಗಕ್ಕೆ ಬರ್ತದ. ಪಾಸ್ ಕಿಸೆದಾಗ ಇಟ್ಕೊಂಡು ನಡೆಯೋ ಮಗುವಿಗೆ ಸರ್ಕಾರ ಕೊಟ್ಟಿದ್ದು ಒಂದು ಕಾಗದ ಅಷ್ಟೇ.

ಬಸ್ ಇಲ್ಲದ ಕಡೆ ನಮ್ಮ ಜನ ಏನು ಮಾಡ್ತಾರ? ನಾಲ್ಕಾರು ಮನೆಯವರು ಕೂಡಿ ಟಂಟಂ ಗೊತ್ತು ಮಾಡ್ತಾರ. ಹತ್ತಿ ಬಿಡಿಸೋ ಹಂಗಾಮು ಬಂತು ಅಂದ್ರ ಅದೇ ಟಂಟಂ ಕೂಲಿಯವರನ್ನ ತುಂಬ್ಕೊಂಡು ಹೊಲದ ಕಡೆ ತಿರುಗ್ತದ. ಮಕ್ಕಳು ಉಳಿತಾರ. ಅವ್ವ ಬೆಳಕು ಹರಿಯೋದ್ರೊಳಗ ಕೂಲಿಗೆ ಹೋಗಿರ್ತಾಳ, ಅಪ್ಪ ಬೆಂಗಳೂರಿಗೆ ಗುಳೆ ಹೋಗಿರ್ತಾನ. ಬಿಟ್ಟು ಬರೋರು ಯಾರು? ಖಾಸಗಿ ಸಾಲಿಯ ಹಳದಿ ಬಸ್ ಹಳ್ಳಿಗೂ ಬರ್ತದ, ಫೀಸು ಕಟ್ಟೋರ ಮನಿ ಮುಂದ ನಿಲ್ತದ. ನಮ್ಮ ಕೇರಿ, ತಾಂಡಾ ಊರ ಹೊರಗ. ಸ್ಟಾಪ್ ಎಲ್ಲಿ ಅನ್ನೋದರಲ್ಲೂ ಜಾತಿ ಕೂತದ.

ಬಾಬಾಸಾಹೇಬರು ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1901ರ ಪ್ರಯಾಣ ಬರೆದಿದ್ದಾರೆ. ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರ್ ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆಯಬೇಕಾಯ್ತು. ಇವತ್ತು ಬಸ್ಸಿನಲ್ಲಿ ನಮ್ಮ ಜಾತಿ ಯಾರೂ ಕೇಳಲ್ಲ, ಅದು ಅವರ ಹೋರಾಟದ ಫಲ. ಆದರೆ ಬಸ್ಸೇ ಕೇರಿಗೆ ಬರದಿದ್ರ ನಮ್ಮ ಮಕ್ಕಳೂ ದುಪ್ಪಟ್ಟು ಕೊಡ್ತಾ ಇದ್ದಾರ: ಮೊದಲ ಪಿರಿಯಡ್ ಹೋಗ್ತದ, ಟಂಟಂ ದುಡ್ಡು ಹೋಗ್ತದ, ಕೊನೆಗೆ ಓದೇ ಹೋಗ್ತದ.

ಹೆಣ್ಮಕ್ಕಳ ವಿಷಯಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಮಾತ್ರ. ಎಂಟನೇತ್ತೆ ದಾಟಿದ್ರ ಕಾಯ್ದೆ ಕೈಬಿಡ್ತದ. ಅಲ್ಲಿಂದಲೇ ಹೈಸ್ಕೂಲ್ ದೂರ, ಸಂಜಿ ಕತ್ತಲು, ಊರವರ ಮಾತು ಎಲ್ಲಾ ಕೂಡಿ ಬರ್ತಾವ. "ಬ್ಯಾಡ ಬಿಡವ್ವ" ಅಂತಾರ, ಮುಂದಿನ ವರ್ಷ ಲಗ್ನದ ಮಾತು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83%, ಇಡೀ ರಾಜ್ಯದಲ್ಲೇ ಕಡಿಮೆ. ರಾಜ್ಯದ್ದು 75.36%. ಆ ಅಂತರದಾಗ ಬಸ್ ಬರದ ದಾರಿಗಳೂ ಅವ. ಎಂಟನೇತ್ತೆ ಮಕ್ಕಳಿಗೆ ಕೊಡ್ತಿದ್ದ ಸೈಕಲ್ಲೂ ಕೊರೋನಾ ಬಂದಮ್ಯಾಲ ನಿಂತುಹೋಯ್ತು.

ದುಡ್ಡಿಲ್ಲ ಅನ್ನಬೇಡ್ರಿ. ಸಮಗ್ರ ಶಿಕ್ಷಣ ಯೋಜನೆಯ ಸಾರಿಗೆ ನೆರವನ್ನ 2021ರಲ್ಲಿ ಹೈಸ್ಕೂಲ್ ಮಕ್ಕಳಿಗೂ ವಿಸ್ತರಿಸಲಾಗಿದೆ, ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ. ಇನ್ನು 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ನಮಗೆ ಮೀಸಲಿಟ್ಟ ಹಣದಾಗ 2023-24ರಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯ್ತು. ಶಕ್ತಿ ಯೋಜನೆಯೂ ಅದರಾಗ ಒಂದು. ಸರಿ, ನಮ್ಮ ಪಾಲು ಬಸ್ಸಿಗೆ ಹಾಕೀರಿ. ಹಂಗಾದ್ರ ಆ ಬಸ್ ನಮ್ಮ ಕೇರಿಯ ಸಾಲಿ ಮಕ್ಕಳಿಗೆ ಯಾಕ ಇಲ್ಲ?

ನಮ್ಮ ಬೇಡಿಕೆಗಳು:

1. ಪ್ರತಿ ವರ್ಷ ಮೇ ತಿಂಗಳಲ್ಲೇ ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ, ಡಿಪೋ ಮ್ಯಾನೇಜರ್ ಕೂತು ಊರುವಾರು ಮಕ್ಕಳ ಪಟ್ಟಿ ಇಟ್ಕೊಂಡು ಟೈಮ್ ಗೊತ್ತು ಮಾಡಬೇಕು. ಆ ಟೈಮ್ ಪಂಚಾಯ್ತಿ ಗೋಡೆ ಮ್ಯಾಲ ಬರೀಬೇಕು.

2. ಸಾಲಿ ಟ್ರಿಪ್ಪನ್ನ ಕಲೆಕ್ಷನ್ ಲೆಕ್ಕದಿಂದ ಹೊರಗಿಡಬೇಕು. ಆದಾಯ ಕಡಿಮೆ ಅಂತ ರದ್ದು ಮಾಡಬಾರದು.

3. ಟ್ರಿಪ್ ಕೇರಿ, ತಾಂಡಾದಿಂದ ಶುರುವಾಗಬೇಕು. ದೊಡ್ಡ ಬಸ್ ಹೋಗದ ದಾರಿಗೆ ಸಣ್ಣ ವಾಹನ ಬೇಕು.

4. ಸಂಜಿ ಬಸ್ ಕಡ್ಡಾಯ. ಮುಂಜಾನಿ ಒಯ್ದು ಸಂಜಿಗೆ ಕೈಬಿಟ್ರ ಹೆಣ್ಮಕ್ಕಳು ಮರುದಿನ ಬರಲ್ಲ.

5. ಬಸ್ ಗ್ಯಾರಂಟಿ ಆಗೋವರೆಗೆ ಸಣ್ಣ ಸಾಲಿಗಳ ವಿಲೀನದ ಮಾತು ಬ್ಯಾಡ.

ಡ್ರೈವರ್, ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲಬ್ಯಾಡ್ರಿ. ಅವರೂ ನಮ್ಮಂಥ ದುಡಿಯೋರು. ಶೆಡ್ಯೂಲ್ ಬರೆಯೋದು ಆಫೀಸಿನ್ಯಾಗ, ಪ್ರಶ್ನೆಯೂ ಅಲ್ಲಿಗೇ ಹೋಗ್ಬೇಕು.

ಶಹಾಪುರ, ಸುರಪುರ, ಯಾದಗಿರಿ ಸಂಗಾತಿಗಳೇ, ನಿಮ್ಮ ಕೇರಿಯಿಂದ ಹೈಸ್ಕೂಲಿಗೆ ಎಷ್ಟು ಮಕ್ಕಳು ಹೋಗ್ತಾರ, ಯಾವ ಟೈಮಿಗೆ ಬಸ್ ಬೇಕು, ಈ ವಾರ ಬರೆದಿಡ್ರಿ. ಬಾಬಾಸಾಹೇಬರು ಮೊದಲು ಹೇಳಿದ್ದು ಶಿಕ್ಷಣ. ಸಾಲಿ ತನಕ ಮುಟ್ಟಿದ್ರ ತಾನೇ ಶಿಕ್ಷಣ? ಪಟ್ಟಿ ಹಿಡಿದೇ ಡಿಪೋಕ್ಕ ಹೋಗೋಣ.

ಜೈ ಭೀಮ್. ಜೈ ಸಾವಿತ್ರಿಬಾಯಿ.