ಗ್ಯಾಸ್ ಎಲ್ಲಾ ಒಂದೇ ಅನ್ನೋರಿಗೆ

"ಗ್ಯಾಸ್ ಅಂದ್ರ ಗ್ಯಾಸ್ ರೀ. ಅದರಾಗ ಕುಡಿಯೋದು ಬ್ಯಾರೆ, ವೆಲ್ಡಿಂಗಿಂದು ಬ್ಯಾರೆ ಎಲ್ಲಿರ್ತದ?" ಬೀದರ್‌ನಿಂದ ಹಿಡಿದು ಭಾಲ್ಕಿ, ಔರಾದ್‌ವರೆಗೆ ಗೋಲಿ ಸೋಡಾ ಗಾಡಿಯವರನ್ನ ಕೇಳಿ ನೋಡಿ, ಹೆಚ್ಚುಕಡಿಮೆ ಇದೇ ಉತ್ತರ ಬರುತ್ತೆ. ಈ ಮಾತು ಅರ್ಧ ಖರೇ. ಉಳಿದ ಅರ್ಧದ ಬಗ್ಗೆ ಜಗಳ ತೆಗೀಬೇಕು ಅಂತಲೇ ಬರೀತಿದೀನಿ. ಜಗಳ ಗಾಡಿಯವರ ಜೊತೆ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಇಂಥ ವಿಷಯ ಬಂದಾಗಲೆಲ್ಲ ಮೊದಲ ಏಟು ಬೀಳೋದು ಅವರ ಬೆನ್ನಿಗೇ.

ಈ ತಲೆಬಿಸಿ ಶುರುವಾಗಿದ್ದು ಬಿಯರ್‌ನಿಂದ. ನನ್ನ ಜೊತೆ ಬಿ.ಇ. ಓದಿದ ಭಾಲ್ಕಿ ಕಡೆಯ ಗೆಳೆಯನೊಬ್ಬ ಈಗ ಟೆಕ್ಸಾಸ್‌ನಲ್ಲಿದ್ದಾನೆ, ಮನೆಯಲ್ಲೇ ಬಿಯರ್ ಮಾಡ್ತಾನೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಗೆ ಬಿಯರ್ ಮಾಡೋ ದಾರಿ ತೆರೀತು. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಅದಕ್ಕೇ ನಾನು ಬರೇ ಕೇಳಿಸಿಕೊಳ್ಳೋನು. ಮೊದಮೊದಲು ಅವನು ಬಾಟಲಿಗೆ ತುಂಬ್ತಿದ್ದ. ಬಾಟಲಿಗೊಂದು ಚೂರು ಸಕ್ಕರೆ ಹಾಕಿ ಮುಚ್ಚಿದ್ರೆ ಯೀಸ್ಟ್ ತಾನೇ ಗ್ಯಾಸ್ ಮಾಡುತ್ತೆ. ಆಮೇಲೆ 19 ಲೀಟರಿನ ಸ್ಟೀಲ್ ಕೆಗ್ ತಂದ. ಕೆಗ್ ಬಂತು ಅಂದ್ರೆ ಸಿಲಿಂಡರ್ ಬೇಕು. ಎಲ್ಲಿ ತುಂಬಿಸೋದು? ಪಾನೀಯದ ಗ್ಯಾಸ್ ಮಾರೋರ ಹತ್ತಿರವಾ, ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಾ, ಬೆಂಕಿ ಆರಿಸೋ ಸಿಲಿಂಡರ್ ತುಂಬೋರ ಹತ್ತಿರವಾ? ಸರ್ಟಿಫಿಕೇಟ್ ಕೊಡ್ತಾರಾ? ನಮ್ಮ ಸಿಲಿಂಡರ್ ನಮಗೇ ವಾಪಸ್ ಸಿಗುತ್ತಾ, ಇಲ್ಲಾ ಯಾರದೋ ಹಳೇದನ್ನ ಬದಲಿ ಕೊಡ್ತಾರಾ? ಮೂರು ವಾರ ವಾಟ್ಸ್‌ಆಪ್‌ನಲ್ಲಿ ನನ್ನ ತಲೆ ತಿಂದ. ಎಲ್ಲಾ ಒಳ್ಳೆ ಪ್ರಶ್ನೆಗಳೇ. ಅದೇ ಮನುಷ್ಯ ರಜೆಗೆ ಊರಿಗೆ ಬಂದಾಗ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ನಿಂತ ಕಾಲಲ್ಲಿ ಮೂರು ನಿಂಬು ಸೋಡಾ ಇಳಿಸಿದ. ಒಂದೇ ಒಂದು ಪ್ರಶ್ನೆ ಇಲ್ಲ. ಟೆಕ್ಸಾಸ್ ಹೊಟ್ಟೆ ಬೇರೆ, ಭಾಲ್ಕಿ ಹೊಟ್ಟೆ ಬೇರೆ ಅಂತ ಇದೆಯೇನೋ.

ಈಗ ಖರೇ ಇರೋ ಅರ್ಧಕ್ಕೆ ಬರೋಣ. ಕಾರ್ಬನ್ ಡೈಆಕ್ಸೈಡ್ ಎಲ್ಲಿಂದ ಬಂದರೂ ಕಾರ್ಬನ್ ಡೈಆಕ್ಸೈಡೇ. ಗೊಬ್ಬರಕ್ಕೆ ಅಮೋನಿಯಾ ಮಾಡೋ ಕಾರ್ಖಾನೆಯಿಂದ ಬರುತ್ತೆ, ಡಿಸ್ಟಿಲರಿಯ ಹುದುಗು ತೊಟ್ಟಿಯಿಂದ ಬರುತ್ತೆ. 2018ರ ಬೇಸಿಗೆಯಲ್ಲಿ ಯುರೋಪಿನ ಕೆಲವು ಅಮೋನಿಯಾ ಕಾರ್ಖಾನೆ ರಿಪೇರಿಗೆ ನಿಂತಾಗ ಇಂಗ್ಲೆಂಡಿನಲ್ಲಿ ಬಿಯರ್‌ಗೂ ಸೋಡಾಗೂ ಗ್ಯಾಸ್ ಸಾಲದೇ ಬಂತು. ಇನ್ನು ಸೋಡಾ ಹುಟ್ಟಿದ್ದೇ ಬಿಯರ್ ತೊಟ್ಟಿಯ ಮೇಲೆ. 1767ರಲ್ಲಿ ಲೀಡ್ಸ್ ಊರಿನ ಜೋಸೆಫ್ ಪ್ರೀಸ್ಟ್ಲಿ ಪಕ್ಕದ ಬ್ರೂವರಿಯ ತೊಟ್ಟಿ ಮೇಲೆ ನಿಂತ ಗ್ಯಾಸಿನಲ್ಲಿ ನೀರು ಇಟ್ಟು, ಅದಕ್ಕೆ ಗ್ಯಾಸ್ ಹಿಡಿಸಿ ಕುಡಿದು ನೋಡಿದ. ಗೋಲಿ ಬಾಟಲಿ ಬಂದದ್ದು ಅದಾಗಿ ನೂರು ವರ್ಷದ ಮೇಲೆ, 1872ರಲ್ಲಿ ಹೈರಮ್ ಕಾಡ್ ಅನ್ನೋ ಇಂಗ್ಲಿಷಿನವನ ಪೇಟೆಂಟ್. ಹಾಗಾಗಿ "ಗ್ಯಾಸ್ ಅಂದ್ರ ಗ್ಯಾಸ್" ಅನ್ನೋ ಕಾಕಾ ರಸಾಯನಶಾಸ್ತ್ರದಲ್ಲಿ ಪಾಸು. ವೆಲ್ಡಿಂಗ್ ಗ್ಯಾಸೂ ಕುಡಿಯೋ ಗ್ಯಾಸೂ ಒಂದೇ ಟ್ಯಾಂಕರ್‌ನಿಂದ ಇಳಿದಿದ್ರೂ ಆಶ್ಚರ್ಯ ಇಲ್ಲ.

ತಕರಾರು ಟ್ಯಾಂಕರಿನ ಮೇಲಲ್ಲ, ಆಮೇಲಿನ ದಾರಿ ಮೇಲೆ. ಟ್ರಾಲಿ ಕಟ್ಟೋ ವರ್ಕ್‌ಶಾಪಿನಲ್ಲಿ ಸಿಲಿಂಡರ್ ಪೂರ್ತಿ ಖಾಲಿ ಮಾಡಿ, ವಾಲ್ವ್ ಬಿಚ್ಚಿದ ಹಾಗೇ ಮೂಲೆಗೆ ಒಗೆದಿರ್ತಾರೆ. ಒಳಗೆ ಹಸಿ ಗಾಳಿ ಹೋಗುತ್ತೆ. ನೀರಿನ ಪಸೆ ಇದ್ದಲ್ಲಿ ಈ ಗ್ಯಾಸ್ ಸೇರಿದ್ರೆ ಆಮ್ಲ ಆಗುತ್ತೆ, ಆಮ್ಲ ಕಬ್ಬಿಣ ತಿನ್ನುತ್ತೆ. ಹೊರಗೆ ಬಣ್ಣ ಹೊಡೆದು ಚಂದ ಕಂಡರೂ ಒಳಗೆ ತುಕ್ಕು. ತುಂಬೋ ಕಡೆ ಕಂಪ್ರೆಸರ್ ಎಣ್ಣೆ ಸೇರಬಹುದು. ಸೋಡಾ ಮೆಷಿನ್ನಿಗೆ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ರೆ ಸಕ್ಕರೆ ನೀರೇ ವಾಪಸ್ ಸಿಲಿಂಡರಿಗೆ ಹೋಗಬಹುದು. ವೆಲ್ಡಿಂಗ್ ಮಾಡೋನಿಗೆ ಚೂರು ಎಣ್ಣೆ ವಾಸನೆ ಬಂದ್ರೆ ಏನೂ ಆಗಲ್ಲ, ಅವನು ಅದನ್ನ ಕುಡಿಯಲ್ಲವಲ್ಲ. ಕುಡಿಯೋ ಗ್ಯಾಸಿಗೆ ಹೆಚ್ಚು ದುಡ್ಡು ಕೊಡೋದು ಬೇರೆ ಗ್ಯಾಸಿಗೆ ಅಲ್ಲ. ಯಾರೋ ಒಬ್ಬರು ಪರೀಕ್ಷೆ ಮಾಡಿ, ಸಿಲಿಂಡರ್ ಒಳಗೆ ಇಣುಕಿ, ಕಾಗದದ ಮೇಲೆ ಸಹಿ ಹಾಕಿದ್ದಕ್ಕೆ.

ಇದು ಬರೇ ಅಂಜಿಕೆ ಅಂತ ಅನ್ನೋರಿಗೆ ಎರಡು ದೊಡ್ಡಮನೆ ಕತೆ. 1990ರಲ್ಲಿ ಫ್ರಾನ್ಸಿನ ಪೆರಿಯೆ ಕಂಪನಿ ತನ್ನ ನೀರಿನಲ್ಲಿ ಬೆಂಜೀನ್ ಸಿಕ್ಕಿತು ಅಂತ ಜಗತ್ತಿನ ತುಂಬಾ 16 ಕೋಟಿ ಬಾಟಲಿ ವಾಪಸ್ ತಗೊಂಡಿತು. ಕಾರಣ ಏನು ಗೊತ್ತಾ? ನೀರಿಗೆ ಸೇರಿಸೋ ಗ್ಯಾಸನ್ನ ಶುದ್ಧ ಮಾಡೋ ಫಿಲ್ಟರ್ ಸಮಯಕ್ಕೆ ಬದಲಾಯಿಸಿರಲಿಲ್ಲ. 1999ರ ಜೂನ್‌ನಲ್ಲಿ ಬೆಲ್ಜಿಯಂನಲ್ಲಿ ಶಾಲೆ ಮಕ್ಕಳು ಕೋಕಾ ಕೋಲಾ ಕುಡಿದು ಹೊಟ್ಟೆನೋವು ಅಂದಾಗ, ಆಂಟ್ವರ್ಪ್ ಘಟಕದ ಬಾಟಲಿಗಳಲ್ಲಿ ವಾಸನೆ ಬರಲು ಕೆಟ್ಟ ಗ್ಯಾಸ್ ಕಾರಣ ಅಂತ ಕಂಪನಿಯೇ ಹೇಳಿತು. ಲ್ಯಾಬ್ ಇಟ್ಟುಕೊಂಡು ಕೂತೋರ ಗತಿ ಇದು. ನಮ್ಮ ಗಾಡಿಯವರ ಹತ್ತಿರ ಇರೋ ಲ್ಯಾಬ್ ಅಂದ್ರೆ ಅವರ ಮೂಗು ಒಂದೇ.

"ತುಟ್ಟಿ ಬೀಳ್ತದ ರೀ" ಅಂತಾರೆ. ಲೆಕ್ಕ ಹಾಕೋಣ, ಇಂಜಿನಿಯರ್ ಆಗಿ ಅಷ್ಟಾದರೂ ಮಾಡಬೇಕಲ್ಲ. ಸೋಡಾದಲ್ಲಿ ಒಂದು ಲೀಟರಿಗೆ ಎಂಟು ಗ್ರಾಂ ಗ್ಯಾಸ್ ಕರಗಿದ್ರೆ ನಾಲಿಗೆ ಚುರ್ರ್ ಅನ್ನುತ್ತೆ. 200 ಎಂಎಲ್ ಬಾಟಲಿಗೆ ಒಂದೂವರೆ ಗ್ರಾಂ ಚಿಲ್ಲರೆ. ಕೈಯಲ್ಲಿ ತಿರುಗಿಸೋ ಮೆಷಿನ್ನಿನಲ್ಲಿ ಅಷ್ಟೇ ಗ್ಯಾಸ್ ಪೋಲಾಗುತ್ತೆ ಅಂತ ಹಿಡಿದ್ರೂ ಮೂರು ಗ್ರಾಂ. ಕೆಜಿಗೆ 100 ರೂಪಾಯಿ ಅಂತಲೇ ಇಟ್ಕೊಳ್ಳಿ, ಒಂದು ಸೋಡಾಕ್ಕೆ 30 ಪೈಸೆ. ಒಳ್ಳೆ ಗ್ಯಾಸ್ ದುಪ್ಪಟ್ಟು ಅಂದ್ರೂ 60 ಪೈಸೆ. ನಿಂಬೆಹಣ್ಣಿನ ರೇಟು ಏಪ್ರಿಲ್‌ನಲ್ಲಿ ಎಷ್ಟು ಏರುತ್ತೆ ಅಂತ ನೆನಪು ಮಾಡ್ಕೊಳ್ಳಿ. ಅದರ ಮುಂದೆ 30 ಪೈಸೆ ಯಾವ ಲೆಕ್ಕ?

ಹಾಗಾದ್ರೆ ಗಾಡಿಯವರು ಯಾಕೆ ತರಲ್ಲ? ಸಿಗಲ್ಲ, ಅದಕ್ಕೆ. ಇದನ್ನ ಪರೀಕ್ಷೆ ಮಾಡೋಕೇ ಒಂದು ಗ್ಯಾಸ್ ಅಂಗಡಿಗೆ ಹೋಗಿದ್ದೆ. ಹೆಸರು, ಊರು ಬೇಡ. ಕುಡಿಯೋ ಗ್ಯಾಸ್ ಬೇಕು, ಬಿಲ್ಲಿನ ಮೇಲೆ ಹಾಗಂತ ಬರೆದುಕೊಡಿ ಅಂದೆ. ಮಾಲೀಕ ನನ್ನ ಮೇಲಿಂದ ಕೆಳಗೆ ನೋಡಿ, "ಆಪ್ ಕೋ ಕರ್ನಾ ಕ್ಯಾ ಹೈ ಭಾಯ್?" ಅಂದ. ಸೋಡಾ ಅಂದೆ. "ಸಬ್ ಯಹೀ ಲೇಜಾತೇ" ಅಂತ ಮೂಲೆಗೆ ನಿಲ್ಲಿಸಿದ ಸಿಲಿಂಡರ್ ತೋರಿಸಿದ. ಅದರ ಕುತ್ತಿಗೆ ಮೇಲೆ ಕೊನೆಯ ಪರೀಕ್ಷೆಯ ತಾರೀಖು ಒತ್ತಿರ್ತಾರೆ, ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷೆ ಆಗಬೇಕು. ಬಣ್ಣದ ಮೇಲೆ ಬಣ್ಣ ಹೊಡೆದು ಅಂಕಿನೇ ಕಾಣ್ತಿರಲಿಲ್ಲ. ಬಿಲ್ ಕೇಳಿದ್ದಕ್ಕೆ ಚೀಟಿ ಮೇಲೆ 'ಗ್ಯಾಸ್ 1' ಅಂತ ಗೀಚಿಕೊಟ್ಟ.

ನನ್ನ ಸಿಟ್ಟು ಇಲ್ಲಿದೆ. ಕಾರ್ಬನ್ ಡೈಆಕ್ಸೈಡ್‌ಗೆ ಐಎಸ್ 307 ಅಂತ ಭಾರತೀಯ ಮಾನದಂಡವೇ ಇದೆ. ಆಹಾರಕ್ಕೆ ಸೇರಿಸೋ ಪದಾರ್ಥಗಳ ಪಟ್ಟಿಯಲ್ಲಿ ಅದಕ್ಕೆ 290 ಅನ್ನೋ ನಂಬರ್ ಇದೆ. ಸಿಲಿಂಡರಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ಅದನ್ನ ನೋಡಿಕೊಳ್ಳೋ ಪೆಸೊ ಕಚೇರಿ ನಾಗಪುರದಲ್ಲಿದೆ. ಆಹಾರ ಸುರಕ್ಷತೆಗೆ 2006ರ ಕಾಯ್ದೆ ಇದೆ. ಇಷ್ಟೆಲ್ಲಾ ಇದ್ದೂ ಬೇಸಿಗೆ ಬಂದ್ರೆ ತಪಾಸಣೆ ಅನ್ನೋದು ಗಾಡಿ ಹತ್ತಿರ ಹೋಗಿ, ನೀರು ಎಲ್ಲಿದು, ಐಸ್ ಎಲ್ಲಿದು ಅಂತ ಕೇಳೋದಕ್ಕೆ ಮುಗಿಯುತ್ತೆ. ಉಪ್ಪು, ಸಕ್ಕರೆ ಹೇಗೋ ಗ್ಯಾಸೂ ಹಾಗೇ ಒಂದು ತಿನ್ನೋ ಪದಾರ್ಥ. ಗೋದಾಮಿನಲ್ಲಿ ನಿಂತು ಒಬ್ಬ ಡೀಲರ್‌ನ ಕೇಳಿದ್ರೆ ಐವತ್ತು ಗಾಡಿಯ ಪ್ರಶ್ನೆಗೆ ಉತ್ತರ ಸಿಗುತ್ತೆ. ಆದ್ರೆ ಗಾಡಿ ಎತ್ತಿಸೋದು ಸುಲಭ, ಗೋದಾಮಿನ ಬಾಗಿಲು ತಟ್ಟೋದು ಕಷ್ಟ.

ಇನ್ನು ಕೆಲವರಿದ್ದಾರೆ, "ಗೋಲಿ ಸೋಡಾ ಯಾಕ ಕುಡಿತೀರಿ, ಕಂಪನಿ ಬಾಟಲಿ ಕುಡೀರಿ" ಅನ್ನೋರು. ಪೆರಿಯೆ ಕತೆ ಅವರಿಗೇ ಹೇಳಿದ್ದು.

ಬಿಸಿಲಿನ ಮಾತೂ ಇದೆ. ಈ ಗ್ಯಾಸ್ ಸಿಲಿಂಡರಿನಲ್ಲಿ ದ್ರವ ಆಗಿರುತ್ತೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಒತ್ತಡ. ಲಾರಿ ಟೈರಿನಲ್ಲಿರೋದು ಏಳೆಂಟು ಬಾರ್, ಹೋಲಿಸಿಕೊಳ್ಳಿ. 31 ಡಿಗ್ರಿ ದಾಟಿದ್ರೆ ಒಳಗೆ ದ್ರವ ಅನ್ನೋದೇ ಉಳಿಯಲ್ಲ, ಒತ್ತಡ ಸರಸರ ಏರುತ್ತೆ. ಬೀದರ್‌ನ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ. ತಗಡಿನ ಗಾಡಿಯಲ್ಲಿ ಬಿಸಿಲಿಗೆ ಮಲಗಿಸಿದ ಸಿಲಿಂಡರಿಗೆ ಅಳತೆ ಮೀರಿ ತುಂಬಿದ್ರಂತೂ ಕೇಳೋದೇ ಬೇಡ. ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕೂ ಆಗಲ್ಲ. ದ್ರವ ಮುಗಿಯೋವರೆಗೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತೆ, ತೂಕ ಮಾಡಿದ್ರೇ ಗೊತ್ತಾಗೋದು. ಖಾಲಿ ತೂಕ ಸಿಲಿಂಡರ್ ಮೇಲೇ ಒತ್ತಿರ್ತಾರೆ, ಬಣ್ಣದ ಕೆಳಗೆ ಮುಚ್ಚಿಹೋಗಿರದಿದ್ರೆ. ರಾತ್ರಿ ಅದೇ ಸಿಲಿಂಡರನ್ನ ಮಕ್ಕಳು ಮಲಗೋ ಒಂಟಿ ಕೋಣೆಯಲ್ಲಿ ಇಡ್ತಾರೆ. ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲ ಹಿಡಿದು ಕೂಡುತ್ತೆ. ಇದನ್ನ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೋಳದ ಹಗೇವು ತೆಗೆದ ಮೇಲೆ ತಾಸುಗಟ್ಟಲೆ ಬಾಯಿ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರಲಿಲ್ಲ ಅಂದ್ರೆ ಮಾತ್ರ ಮನುಷ್ಯನ್ನ ಇಳಿಸ್ತಿದ್ರು. ಹಗೇವಿನ ಗ್ಯಾಸೂ ಸೋಡಾ ಗ್ಯಾಸೂ ಒಂದೇ ಅಂತ ಗಾಡಿಯವರಿಗೆ ಒಂದು ಸಲ ಹೇಳಿದ್ರೆ ಸಾಕು, ಸಿಲಿಂಡರ್ ಅದೇ ರಾತ್ರಿ ಅಂಗಳಕ್ಕೆ ಬರುತ್ತೆ.

ಕೊನೇ ತಕರಾರು ಸಕ್ಕರೆಯವರ ಜೊತೆ. ನಮ್ಮದು ಕಬ್ಬಿನ ಜಿಲ್ಲೆ. ಇಮಾಮಪುರದಲ್ಲಿ ನಾರಂಜಾ, ಹುಣಜಿಯಲ್ಲಿ ಮಹಾತ್ಮಾ ಗಾಂಧಿ, ಹಳ್ಳಿಖೇಡದಲ್ಲಿ ಬಿಎಸ್‌ಎಸ್‌ಕೆ, ಎಲ್ಲಾ ಸಹಕಾರಿ, ರೈತರ ಶೇರು. ಕಾಕಂಬಿ ಹುದುಗಿಸಿ ಎಥನಾಲ್ ಮಾಡಿದಾಗ ಪ್ರತಿ ಲೀಟರಿಗೆ ಮುಕ್ಕಾಲು ಕೆಜಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತೆ. ಮೇಲಿನ ಲೆಕ್ಕದಲ್ಲೇ 250 ಸೋಡಾ. ಇದನ್ನ ಹಿಡಿದು, ತೊಳೆದು, ಒಣಗಿಸಿ, ಸಿಲಿಂಡರಿಗೆ ತುಂಬೋ ಡಿಸ್ಟಿಲರಿಗಳು ದೇಶದಲ್ಲಿವೆ. ಯಾರಿಗೂ ಹೊಸ ತಂತ್ರಜ್ಞಾನ ಅಲ್ಲ. ಎಥನಾಲ್ ಬಗ್ಗೆ ಭಾಷಣ ಮಾಡೋ ನಮ್ಮ ಮುಖಂಡರು ಯಾರೂ ಈ ಗ್ಯಾಸಿನ ಹೆಸರು ಎತ್ತಿದ್ದು ನಾನು ಕೇಳಿಲ್ಲ. ಡಿಸ್ಟಿಲರಿ ಹಾಕೋವಾಗಲೇ ಅದನ್ನೂ ಯೋಜನೆಯಲ್ಲಿ ಬರೆಯಲಿ, ಕುಡಿಯೋ ದರ್ಜೆಯ ಗ್ಯಾಸ್ ತಾರೀಖು ಸಮೇತ, ಬಿಲ್ ಸಮೇತ ಭಾಲ್ಕಿ ಔರಾದ್ ಗಾಡಿಯವರಿಗೆ ಮೊದಲು ಸಿಗಲಿ. ನಮ್ಮಪ್ಪನ ಹೆಸರಿನಲ್ಲಿ ಒಂದು ಕಾರ್ಖಾನೆಯ ಶೇರಿದೆ. ಮುಂದಿನ ವಾರ್ಷಿಕ ಸಭೆಗೆ ಅಪ್ಪನ ಜೊತೆ ಹೋಗಿ ಈ ಪ್ರಶ್ನೆ ಎತ್ತಿಸೋನಿದೀನಿ. ಶೇರಿದ್ದ ಇನ್ನೂ ನಾಲ್ಕು ಮಂದಿ ಎದ್ದು ನಿಂತರೆ ಮೈಕ್ ಬಂದ್ ಮಾಡೋದು ಅವರಿಗೆ ಅಷ್ಟು ಸುಲಭ ಆಗಲ್ಲ.